ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಬೇಕಾದವರು ಯಾರು?

(ಎಂ.ಎಸ್.ಡಬ್ಲ್ಯೂ., ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿಯ ವಿದ್ಯಾರ್ಥಿಗಳು, ಅವರ ಅಧ್ಯಾಪಕರು ಮತ್ತು ವಿದ್ಯಾರ್ಥಿಗಳು ಕೆಲಸ ಕಲಿಯಲು ಹೋಗುವ ಸಂಸ್ಥೆಗಳ, ಅಂದರೆ ಏಜೆನ್ಸಿಗಳ, ಸೂಪರ್‌ವೈಸರ್‌ಗಳು ಒಟ್ಟಿಗೆ ಸೇರಿದ್ದ ಫೀಲ್ಡ್‌ವರ್ಕ್ ಓರಿಯೆಂಟೇಶನ್ ಕಾರ್ಯಕ್ರಮದಲ್ಲಿ ಆಡಿದ ಮಾತು. ಬರೆಯುವಾಗ ಕೆಲವು ಕಡೆ ತಿದ್ದಿದ್ದೇನೆ, ಕೆಲವು ಕಡೆ ಸ್ವಲ್ಪ ಬೆಳೆಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಕೂತೇ ಮಾತಾಡುತ್ತೇನೆ, ತಪ್ಪು ತಿಳಿಯಬೇಡಿ. ಕಾಲಿಗೆ ಆಸರೆಯ ಕ್ಯಾಲಿಪರ್ ಹಾಕಿಕೊಂಡು ಅರ್ಧ ಗಂಟೆ ನಿಂತರೆ ಆಮೇಲೆ ನನ್ನ ಗಮನವೆಲ್ಲ ಮೊಣಕಾಲಿಗೆ ಹೋಗುತ್ತದೆ, ಮಾತು ಎತ್ತಲೋ ಹೋಗುತ್ತದೆ. ನಿಮ್ಮ ವಿಭಾಗದವರು ಬೆಳಿಗ್ಗೆ ಮೈಕನ್ನು ಸ್ಟ್ಯಾಂಡಿನಿಂದ ಬಿಚ್ಚಿ ಟೇಬಲ್ ಮೇಲೆ ಇಟ್ಟರು. ಎರಡು ನಿಮಿಷದ ಕೆಲಸ. ಒಂದು ರೂಪಾಯಿ ಖರ್ಚಿಲ್ಲ. ಮಾತನ್ನು ಮಾತ್ರ ನಾನೇ ಆಡಬೇಕು. "ಪಾಪ, ಕಾಲು ನೋವಲ್ವಾ, ನೀವು ಮಾತಾಡೋದು ಬೇಡ, ಸುಮ್ನೆ ಹಾರ ಹಾಕಿಸಿಕೊಂಡು ಹೋಗಿ" ಅಂತ ಯಾರೂ ಹೇಳಲಿಲ್ಲ. ಅದಕ್ಕೆ ನಿಮಗೆ ಥ್ಯಾಂಕ್ಸ್. ಯಾಕೆಂದರೆ ನನ್ನ ಎಂ.ಎಸ್.ಡಬ್ಲ್ಯೂ. ದಿನಗಳಲ್ಲಿ ನನಗೆ ಸಿಕ್ಕಿದ್ದು ಆ ಹಾರದ ಮರ್ಯಾದೆಯೇ.

ಕಥೆ ಹೇಳಿಬಿಡುತ್ತೇನೆ. ಮೊದಲ ಸೆಮಿಸ್ಟರಿನ ಫೀಲ್ಡ್‌ವರ್ಕ್ ಪಟ್ಟಿ ನೋಟಿಸ್ ಬೋರ್ಡಿಗೆ ಬಿತ್ತು. ಒಬ್ಬಳಿಗೆ ಕೊಳೆಗೇರಿ, ಒಬ್ಬನಿಗೆ ಜಿಲ್ಲಾಸ್ಪತ್ರೆ, ಇನ್ನೊಬ್ಬಳಿಗೆ ಬಾಲಮಂದಿರ. ನನ್ನ ಹೆಸರಿನ ಮುಂದೆ ಒಂದು ಸಂಸ್ಥೆಯ ಆಫೀಸು. ಯಾಕೆ ಅಂತ ಕೇಳಲು ಹೋದೆ. ನಮ್ಮ ಮೇಡಂ ಬಹಳ ಒಳ್ಳೆಯವರು, ಈಗಲೂ ಅವರ ಮೇಲೆ ಗೌರವ ಇದೆ. "ಬಿಸಿಲಲ್ಲಿ ಯಾಕಮ್ಮಾ ಅಲೀತೀಯ? ಫ್ಯಾನ್ ಕೆಳಗೆ ಕೂತು ಫೈಲ್ ನೋಡ್ಕೊ. ಮಾರ್ಕ್ಸ್ ನಾನು ನೋಡ್ಕೋತೀನಿ" ಅಂದರು. ಹೇಳಿದಂತೆ ನೋಡಿಕೊಂಡರು ಕೂಡ. ಎರಡು ವರ್ಷ ರಿಜಿಸ್ಟರ್ ಬರೆದೆ, ವರದಿ ಟೈಪ್ ಮಾಡಿದೆ, ಸಂಸ್ಥೆಯ ವಾರ್ಷಿಕೋತ್ಸವಕ್ಕೆ ಬ್ಯಾನರ್ ಡಿಸೈನ್ ಆರಿಸಿದೆ. ಫೀಲ್ಡ್‌ವರ್ಕಿನಲ್ಲಿ ಕ್ಲಾಸಿಗೇ ಎರಡನೇ ಸ್ಥಾನ ಬಂತು.

ಕೆಲಸಕ್ಕೆ ಸೇರಿದ ಮೊದಲ ವಾರ ಒಂದು ಮನೆಗೆ ಕಳಿಸಿದರು. ಗಂಡ ಕುಡಿಯುತ್ತಾನೆ, ಮಗಳು ಶಾಲೆ ಬಿಟ್ಟಿದ್ದಾಳೆ. ನನಗೆ ಬಾಗಿಲಲ್ಲಿ ಏನು ಹೇಳಬೇಕು ಅಂತಲೇ ಗೊತ್ತಿರಲಿಲ್ಲ. ಒಳಗೆ ಹೋದೆ. ಮನೆಯಾಕೆ ಚಾಪೆ ಹಾಸಿದರು. ನೆಲದ ಮೇಲೆ ಕೂತರೆ ನನಗೆ ಏಳಲು ಯಾರಾದರೂ ಕೈ ಕೊಡಬೇಕು, ಅದನ್ನು ಹೇಗೆ ಹೇಳುವುದು ಅಂತ ಗೊತ್ತಾಗದೆ ನಿಂತೇ ಇದ್ದೆ. ನಿಂತವಳ ಮುಂದೆ ಆಕೆಯೂ ನಿಂತರು. ಇಬ್ಬರೂ ಪೊಲೀಸ್ ತನಿಖೆ ಥರ ನಿಂತುಕೊಂಡು ಫಾರಂ ತುಂಬಿದೆವು. ಆ ಮನೆಗೆ ಎರಡನೇ ಸಲ ಹೋದಾಗ ಬಾಗಿಲು ತೆರೆಯಲಿಲ್ಲ.

ನನ್ನ ಗೆಳತಿಯರು ಈ ತಪ್ಪನ್ನು ಮೊದಲ ಸೆಮಿಸ್ಟರಿನಲ್ಲೇ ಮಾಡಿದ್ದರು. ಮಾರನೇ ದಿನ ಮೇಡಂ ಹತ್ತಿರ ಬೈಸಿಕೊಂಡು, ಮುಂದಿನ ವಾರ ಸರಿ ಮಾಡಿಕೊಂಡಿದ್ದರು. ನನ್ನದು ಸಂಬಳ ತೆಗೆದುಕೊಂಡು ಮಾಡಿದ ತಪ್ಪು. ಅದರ ನಷ್ಟ ನನಗಲ್ಲ, ಆ ಮನೆಯ ಹುಡುಗಿಗೆ.

ಹೀಗಾಗಿ ನಾನು ಎರಡು ಪದಗಳನ್ನು ಬೇರೆ ಬೇರೆ ಇಡುತ್ತೇನೆ. ಒಂದು ವಿನಾಯಿತಿ. ಇನ್ನೊಂದು ಹೊಂದಾಣಿಕೆ. ಮೇಡಂ ಕೊಟ್ಟದ್ದು ವಿನಾಯಿತಿ, ಕಲಿಯಬೇಕಾದ ಕೆಲಸವನ್ನೇ ತೆಗೆದುಬಿಟ್ಟರು. ನನಗೆ ಬೇಕಿದ್ದದ್ದು ಹೊಂದಾಣಿಕೆ. ಅಂದರೆ ಅದೇ ಕೆಲಸ, ಮಾಡುವ ದಾರಿ ಬೇರೆ. ಕೊಳೆಗೇರಿಗೇ ಹಾಕಿ, ಮುಖ್ಯರಸ್ತೆಗೆ ಹತ್ತಿರದ್ದು ಹಾಕಿ. "ಅಕ್ಕ, ನನಗೆ ಕೆಳಗೆ ಕೂರೋಕೆ ಆಗಲ್ಲ, ಒಂದು ಸ್ಟೂಲ್ ಇದ್ದರೆ ಕೊಡಿ, ಇಲ್ಲಾಂದ್ರೆ ಕಟ್ಟೆ ಮೇಲೆ ಕೂರೋಣ ಬನ್ನಿ" ಅನ್ನುವ ಒಂದು ವಾಕ್ಯವನ್ನು ನನ್ನಿಂದ ನಾಲ್ಕು ಸಲ ಹೇಳಿಸಿ ಅಭ್ಯಾಸ ಮಾಡಿಸಿ. ಅಷ್ಟೇ ಸಾಕಿತ್ತು.

ಹೊಂದಾಣಿಕೆ ಅನ್ನುವ ಪದ ನಮ್ಮಲ್ಲಿ ಸ್ವಲ್ಪ ಕೆಟ್ಟುಹೋಗಿದೆ. ಹೊಸ ಸೊಸೆಗೆ ಹೇಳುತ್ತೇವೆ, ಹೊಂದಿಕೊಂಡು ಹೋಗಮ್ಮ. ಬಾಡಿಗೆಯವರಿಗೆ ಹೇಳುತ್ತೇವೆ. ಬಸ್ಸಿನಲ್ಲಿ ಮೂರು ಜನರ ಸೀಟಿಗೆ ನಾಲ್ಕನೆಯವರು ಬಂದು "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಅನ್ನುತ್ತಾರೆ. ಯಾವಾಗಲೂ ಬಲ ಕಡಿಮೆ ಇರುವವರೇ ಅಡ್ಜಸ್ಟ್ ಆಗಬೇಕು. ಇಂಗ್ಲಿಷಿನಲ್ಲಿ ರೀಸನಬಲ್ ಅಕಾಮಡೇಶನ್ ಅನ್ನುವ ಮಾತಿದೆಯಲ್ಲ, ಅದು ಇದನ್ನು ತಲೆಕೆಳಗು ಮಾಡುತ್ತದೆ. ಅಡ್ಜಸ್ಟ್ ಆಗಬೇಕಾದದ್ದು ಕಾಲೇಜು, ಏಜೆನ್ಸಿ, ಟೈಮ್‌ಟೇಬಲ್.

ಇದು ನನ್ನ ಆಸೆ ಅಲ್ಲ, ಕಾನೂನು. 1995ರ ಹಳೇ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ 7 ಬಗೆಯ ವೈಕಲ್ಯ ಇದ್ದವು. 2016ರ ಹೊಸ ಕಾಯ್ದೆಯಲ್ಲಿ 21 ಇವೆ. ಡಿಸ್ಲೆಕ್ಸಿಯಾದಂಥ ಕಲಿಕೆಯ ತೊಂದರೆ, ಮಾನಸಿಕ ಕಾಯಿಲೆ, ಸಿಕಲ್ ಸೆಲ್, ಪಾರ್ಕಿನ್ಸನ್, ಆಸಿಡ್ ದಾಳಿಗೆ ಒಳಗಾದವರು, ಎಲ್ಲ ಬರುತ್ತಾರೆ. ಅದರ 16ನೇ ಸೆಕ್ಷನ್ ಓದಿ. ಸರ್ಕಾರದ ಹಣ ಅಥವಾ ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆಗಳೆಲ್ಲ ವಿದ್ಯಾರ್ಥಿಯ ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಮಾಡಿಕೊಡುವಂತೆ ನೋಡಿಕೊಳ್ಳಬೇಕು ಅನ್ನುತ್ತದೆ. ವಿದ್ಯಾರ್ಥಿಯ ಅಗತ್ಯಕ್ಕೆ ತಕ್ಕಂತೆ, ಗಮನಿಸಿ. "ಅಂಗವಿಕಲರಿಗೆಲ್ಲ ಆಫೀಸ್ ಪ್ಲೇಸ್‌ಮೆಂಟ್", ಅಂದರೆ ಫೀಲ್ಡ್‌ವರ್ಕಿಗೆ ಆಫೀಸಿಗೇ ಹಾಕುವುದು, ಅನ್ನುವ ಸಾರಾಸಗಟು ನಿಯಮ ಅಲ್ಲಿಗೇ ಬಿದ್ದುಹೋಗುತ್ತದೆ. ಫೀಲ್ಡ್‌ವರ್ಕ್ ನಮ್ಮ ಪಠ್ಯದ ಭಾಗ, ಅದಕ್ಕೆ ಕ್ರೆಡಿಟ್ ಇದೆ, ಅದರಲ್ಲಿ ಫೇಲಾದರೆ ಡಿಗ್ರಿ ಇಲ್ಲ. ಹಾಗಿದ್ದ ಮೇಲೆ ಕಾಲೇಜಿನ ಜವಾಬ್ದಾರಿ ಗೇಟಿನ ಹತ್ತಿರ ಮುಗಿಯುವುದು ಹೇಗೆ? ವಾರಕ್ಕೆ ಎರಡು ದಿನ ಕ್ಲಾಸ್‌ರೂಮು ಏಜೆನ್ಸಿಗೆ ಹೋಗಿರುತ್ತದೆ, ಅಷ್ಟೇ.

ಆಮೇಲೆ ಈ 40 ಶೇಕಡಾ ಸರ್ಟಿಫಿಕೇಟಿನ ಗಲಾಟೆ. ಉನ್ನತ ಶಿಕ್ಷಣದ ಸೀಟಿನಲ್ಲಿ 5 ಶೇಕಡಾ ಮೀಸಲಾತಿ ಬೇಕೆಂದರೆ 40 ಶೇಕಡಾ ವೈಕಲ್ಯ ಇರಬೇಕು, ಸರಿ. ಆದರೆ ಹೊಂದಾಣಿಕೆ ಕೇಳಲೂ ಅದು ಬೇಕು ಅಂತ ಬಹಳ ಕಡೆ ಹೇಳುತ್ತಾರೆ. ಬೇಕಿಲ್ಲ. ವಿಕಾಸ್ ಕುಮಾರ್ ಅನ್ನುವ ಅಭ್ಯರ್ಥಿಗೆ ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆ ಇತ್ತು. ಯು.ಪಿ.ಎಸ್.ಸಿ. ಪರೀಕ್ಷೆಯಲ್ಲಿ ಬರೆಯಲು ಸಹಾಯಕರನ್ನು ಕೇಳಿದರು. ಆಯೋಗ ಕೊಡಲಿಲ್ಲ. 2021ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. 40 ಶೇಕಡಾ ಇಲ್ಲ ಅನ್ನುವ ಕಾರಣಕ್ಕೆ ಸಹಾಯಕರನ್ನು ನಿರಾಕರಿಸುವಂತಿಲ್ಲ, ಹೊಂದಾಣಿಕೆ ಅನ್ನುವುದು ಸಮಾನತೆಯ ಒಳಗೇ ಇರುವಂಥದ್ದು ಅಂದಿತು. ಇಲ್ಲಿರುವ ಅಧ್ಯಾಪಕರು ಈ ತೀರ್ಪನ್ನು ಒಮ್ಮೆ ಓದಿ. ಪರೀಕ್ಷೆ ಬಗ್ಗೆ ಇದ್ದರೂ ಅದರ ತರ್ಕ ನಮ್ಮ ಫೀಲ್ಡ್‌ಗೂ ಬರುತ್ತದೆ.

ಕಾನೂನು ಸಾಕು. ಫೀಲ್ಡ್‌ಗೆ ಹೋಗೋಣ.

ಬೆಳಿಗ್ಗೆ ಬಸ್ಸಿನಿಂದ ಶುರು. ಅಂಗವಿಕಲರಿಗೆ ರಿಯಾಯಿತಿ ಪಾಸ್ ಇದೆ. ಆದರೆ ಪಾಸು ಬಸ್ಸಿನ ಮೆಟ್ಟಿಲಿನ ಎತ್ತರ ಕಡಿಮೆ ಮಾಡುವುದಿಲ್ಲ. ಎರಡು ಬಸ್ ಬದಲಾಯಿಸಿ, ಒಂದು ಕಿಲೋಮೀಟರ್ ನಡೆದು ಹೋಗಬೇಕಾದ ಏಜೆನ್ಸಿಗೆ ಹಾಕಿದರೆ ಆ ಹುಡುಗಿ ಕೆಲಸ ಶುರುವಾಗುವ ಹೊತ್ತಿಗೆ ಸುಸ್ತು. ಅವಳು ಹತ್ತೂವರೆಗೆ ಬಂದು ಐದೂವರೆಗೆ ಹೋಗಲಿ. ಗಂಟೆ ಲೆಕ್ಕ ಸರಿಯಾದರೆ ಸಾಕಲ್ವಾ?

ಆಮೇಲೆ ಶೌಚಾಲಯ. ಇದನ್ನು ಸ್ಟೇಜಿನ ಮೇಲೆ ಯಾರೂ ಮಾತಾಡುವುದಿಲ್ಲ, ನಾನು ಮಾತಾಡುತ್ತೇನೆ. ಪ್ಲೇಸ್‌ಮೆಂಟಿಗೆ ಮುಂಚೆ ಏಜೆನ್ಸಿ ನೋಡಲು ಹೋಗುವ ಅಧ್ಯಾಪಕರು ಡೈರೆಕ್ಟರ್ ರೂಮಿನಲ್ಲಿ ಕಾಫಿ ಕುಡಿದು ಬರುತ್ತಾರೆ. ದಯವಿಟ್ಟು ಟಾಯ್ಲೆಟ್ಟಿನ ಬಾಗಿಲು ತೆಗೆದು ನೋಡಿ. ಬಾಗಿಲಿಗೆ ಎರಡು ಮೆಟ್ಟಿಲಿದೆಯಾ, ಕಮೋಡಾ, ಇಂಡಿಯನ್ನಾ, ಹಿಡಿದುಕೊಳ್ಳಲು ಏನಾದರೂ ಇದೆಯಾ. ನನ್ನಂಥವರು ಎಷ್ಟೋ ಜನ ಫೀಲ್ಡ್‌ವರ್ಕ್ ದಿನ ಬೆಳಿಗ್ಗೆಯಿಂದ ನೀರು ಕುಡಿಯುವುದಿಲ್ಲ. ಸಂಜೆ ತಲೆನೋವು, ಮುಂದಿನ ವಾರ ಮೂತ್ರದ ಸೋಂಕು. ಹಾಜರಿ ಪುಸ್ತಕದಲ್ಲಿ ಮಾತ್ರ "ಅನಿಯಮಿತ".

ಸೀರೆ ವಿಷಯ ಕೂಡ ಹೇಳಿಬಿಡುತ್ತೇನೆ. ಕೆಲವು ವಿಭಾಗಗಳಲ್ಲಿ ಫೀಲ್ಡ್‌ವರ್ಕ್ ದಿನ ಹುಡುಗಿಯರು ಸೀರೆ ಉಡಬೇಕು. ಕ್ಯಾಲಿಪರಿನ ಲಾಕಿಗೆ ನೆರಿಗೆ ಸಿಕ್ಕಿಕೊಂಡು ನಾನು ಎರಡು ಸಲ ಬಿದ್ದಿದ್ದೇನೆ, ಒಂದು ಸಲ ಜಿಲ್ಲಾಧಿಕಾರಿ ಕಚೇರಿಯ ಮುಂದೆ. ಚೂಡಿದಾರ್ ಹಾಕಿಕೊಳ್ಳಲು ಲಿಖಿತ ಅನುಮತಿ ಸಿಗುವ ಹೊತ್ತಿಗೆ ಸೆಮಿಸ್ಟರ್ ಮುಗಿಯುತ್ತಾ ಬಂದಿತ್ತು.

ಈಗ ನಾನು ಮೇಜಿನ ಆ ಕಡೆ ಇದ್ದೇನೆ, ಏಜೆನ್ಸಿ ಸೂಪರ್‌ವೈಸರ್. ಕೆಲವು ವರ್ಷದ ಹಿಂದೆ ನಮ್ಮಲ್ಲಿಗೆ ಪೂರ್ತಿ ದೃಷ್ಟಿ ಇಲ್ಲದ ಒಬ್ಬ ವಿದ್ಯಾರ್ಥಿನಿ ಬಂದಳು. ನಿಜ ಹೇಳುತ್ತೇನೆ, ನನ್ನ ಮನಸ್ಸಿಗೆ ಬಂದ ಮೊದಲ ಯೋಚನೆ ಏನು ಗೊತ್ತಾ? "ಫೋನ್ ಕೌನ್ಸೆಲಿಂಗಿಗೆ ಹಾಕೋಣ, ಆರಾಮಾಗಿರುತ್ತಾಳೆ." ನಮ್ಮ ಮೇಡಂ ನನ್ನ ಬಾಯಲ್ಲೇ ಮಾತಾಡಿದ ಹಾಗಾಯಿತು. ನಾಚಿಕೆಯಾಗಿ ಅವಳನ್ನೇ ಕೇಳಿದೆ. "ಮನೆ ಭೇಟಿ ಕಲಿಯಬೇಕು ಮೇಡಂ" ಅಂದಳು.

ಮೊದಲ ತೊಂದರೆ ಬಂದಿದ್ದು ಮನೆಗಳಲ್ಲಿ ಅಲ್ಲ, ನಮ್ಮ ಕಂಪ್ಯೂಟರಿನಲ್ಲಿ. ಕೇಸ್ ಫೈಲುಗಳನ್ನೆಲ್ಲ ಪೆನ್ ಡ್ರೈವಿಗೆ ಹಾಕಿ ಕೊಟ್ಟೆ. ಅವಳ ಲ್ಯಾಪ್‌ಟಾಪಿನಲ್ಲಿ ಎನ್.ವಿ.ಡಿ.ಎ. ಅನ್ನುವ ತೆರೆ ಓದುವ ತಂತ್ರಾಂಶ ಇತ್ತು, ಉಚಿತವಾಗಿ ಸಿಗುವಂಥದ್ದು, ಕನ್ನಡವನ್ನೂ ಓದುತ್ತದೆ. ಆದರೆ ನಮ್ಮ ಫೈಲ್ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳನ್ನು ಬಡಬಡಿಸತೊಡಗಿತು. ಕಾರಣ ನಾವು ವರ್ಷಗಟ್ಟಲೆ ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡುತ್ತಿದ್ದೆವು. ಕಣ್ಣಿಗೆ ಕನ್ನಡ ಕಾಣುತ್ತದೆ, ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಯೂನಿಕೋಡ್ ಆಗಿದ್ದರೆ ಯಂತ್ರ ಓದುತ್ತಿತ್ತು. ಹಳೆಯದನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಸಿಗುತ್ತವೆ. ನಮ್ಮ ಆಫೀಸಿನ ಹುಡುಗ ಒಂದು ವಾರ ಕೂತು ಬೇಕಾದ ಫೈಲುಗಳನ್ನೆಲ್ಲ ಬದಲಿಸಿದ. ಸ್ಕ್ಯಾನ್ ಮಾಡಿದ ಕಾಗದಗಳನ್ನು ಅವಳ ಸಹಪಾಠಿಯೊಬ್ಬಳು ಓದಿ ಹೇಳಿದಳು. ಇದರಿಂದ ಲಾಭ ಆದದ್ದು ನಮಗೇ ಜಾಸ್ತಿ. ಮೊದಲು ಒಂದು ಹೆಸರು ಹುಡುಕಲು ಹತ್ತು ಫೈಲ್ ತೆರೆಯಬೇಕಿತ್ತು, ಈಗ ಹುಡುಕು ಅಂತ ಕೊಟ್ಟರೆ ಬರುತ್ತದೆ.

ಇನ್ನು ಮನೆ ಭೇಟಿ. ನನ್ನ ಸಹೋದ್ಯೋಗಿಯೊಬ್ಬರು ಕೇಳಿದರು, "ಗೋಡೆ ಬಿರುಕು, ಒಲೆ, ಮಕ್ಕಳ ಮುಖ, ಇದೆಲ್ಲ ನೋಡದೆ ಭೇಟಿ ಏನು ಬಂತು?" ಪ್ರಶ್ನೆ ಸರಿಯಾಗಿಯೇ ಇತ್ತು. ಅವಳು ಒಂದು ದಾರಿ ಕಂಡುಕೊಂಡಳು. ಒಳಗೆ ಹೋದ ಕೂಡಲೇ "ಅಕ್ಕ, ನನಗೆ ಕಣ್ಣು ಕಾಣಲ್ಲ, ಮನೆ ಒಂದ್ಸಲ ತೋರಿಸ್ತೀರಾ?" ಅನ್ನುತ್ತಿದ್ದಳು. ಮನೆಯಾಕೆ ಇವಳ ಕೈ ಹಿಡಿದು ತೋರಿಸುತ್ತಾ ಹೋಗುತ್ತಿದ್ದರು. ಇದು ಅಡುಗೆ ಮೂಲೆ, ಇಲ್ಲಿ ಸೋರತ್ತೆ ಬಕೆಟ್ ಇಟ್ಟಿದೀನಿ, ಇದು ಅತ್ತೆ ಮಲಗೋ ಜಾಗ, ಅವರು ಬಂದ ಮೇಲೆ ಮಕ್ಕಳು ಹೊರಗೆ ಮಲಗ್ತಾರೆ. ನಾನು ಅರ್ಧ ಗಂಟೆ ಪ್ರಶ್ನೆ ಕೇಳಿದರೂ ಬಾರದ ಮಾತು ಹತ್ತು ನಿಮಿಷದಲ್ಲಿ ಬರುತ್ತಿತ್ತು.

ಇದನ್ನು ಹೇಳಿದ ಕೂಡಲೇ ಕೆಲವರು "ನೋಡಿ, ದೇವರು ಒಂದು ಕಿತ್ತುಕೊಂಡರೆ ಇನ್ನೊಂದು ಕೊಡ್ತಾನೆ" ಅಂತ ಶುರು ಮಾಡುತ್ತಾರೆ. ಅದು ಬೇಡ. ಅವಳಿಗೆ ತಪ್ಪಿಹೋಗುವ ವಿಷಯಗಳೂ ಇದ್ದವು. ಒಂದು ಮನೆಯಲ್ಲಿ ಮಗುವಿನ ತೋಳಿನ ಮೇಲೆ ಬಾಸುಂಡೆ ಇದ್ದದ್ದು ಅವಳಿಗೆ ಗೊತ್ತಾಗಲಿಲ್ಲ, ಗೊತ್ತಾಗುವುದು ಸಾಧ್ಯವೂ ಇರಲಿಲ್ಲ. ಮಾರನೇ ವಾರ ಅಂಗನವಾಡಿ ಕಾರ್ಯಕರ್ತೆ ಹೇಳಿದ ಮೇಲೆ ತಿಳಿಯಿತು. ಅವತ್ತಿನಿಂದ ಮಕ್ಕಳ ರಕ್ಷಣೆಯ ಕೇಸುಗಳಿಗೆ ಇಬ್ಬರು ಒಟ್ಟಿಗೆ ಹೋಗುವುದು ಅಂತ ಮಾಡಿದೆವು. ಜೊತೆಗೆ ಹೋದವರು ಕಂಡದ್ದನ್ನು ಹೇಳುತ್ತಾರೆ, ಕೇಸು ನಡೆಸುವವಳು ಅವಳೇ, ತೀರ್ಮಾನ ಅವಳದ್ದೇ. ವರದಿ ಸರಿಯಿಲ್ಲದಿದ್ದಾಗ ನಾನು ಬೈದೆ, ಮಾರ್ಕ್ಸ್ ಕಡಿಮೆಯೂ ಕೊಟ್ಟೆ. ಎರಡನೇ ಸೆಮಿಸ್ಟರಿನಲ್ಲಿ ಜಾಸ್ತಿ ಕೊಟ್ಟೆ. ಎರಡೂ ಸಲ ಅವಳು ಸಂಪಾದಿಸಿದ್ದೇ.

"ಅಂಗವಿಕಲರು ಫೀಲ್ಡ್ ಮಾಡೋಕಾಗುತ್ತಾ ಮೇಡಂ?" ಅಂತ ಈಗಲೂ ನನಗೆ ಫೋನ್ ಬರುತ್ತದೆ. ಕರ್ನಾಟಕದಲ್ಲಿ ಕೂತು ಈ ಪ್ರಶ್ನೆ ಕೇಳುವುದೇ ತಮಾಷೆ. ನಮ್ಮ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇದ್ದಾರೆ, ವಿ.ಆರ್.ಡಬ್ಲ್ಯೂ. ಅಂದರೆ ಹಳ್ಳಿಯವರಿಗೆಲ್ಲ ಗೊತ್ತು. ತಾಲ್ಲೂಕಿಗೆ ಎಂ.ಆರ್.ಡಬ್ಲ್ಯೂ., ಅಂದರೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು, ಇದ್ದಾರೆ. ಈ ಕಾರ್ಯಕರ್ತರು ಸ್ವತಃ ಅಂಗವಿಕಲರು. ಮನೆಮನೆಗೆ ಹೋಗಿ ಸಮೀಕ್ಷೆ ಮಾಡುವವರು, ಅಂಗವಿಕಲರ ಗುರುತಿನ ಯು.ಡಿ.ಐ.ಡಿ. ಕಾರ್ಡಿಗೆ, ಪಿಂಚಣಿಗೆ ಅರ್ಜಿ ಹಾಕಿಸುವವರು ಇವರು. ಸಿಗುವುದು ಸಣ್ಣ ಗೌರವಧನ. ಊರುಗೋಲು ಹಿಡಿದು, ಸೈಡ್ ವೀಲ್ ಸ್ಕೂಟರಿನಲ್ಲಿ ತೋಟದ ಮನೆಗಳಿಗೂ ಹೋಗುತ್ತಾರೆ. ಅವರು ದಿನಾ ಮಾಡುವ ಕೆಲಸವನ್ನು ಎಂ.ಎಸ್.ಡಬ್ಲ್ಯೂ. ಓದುವವರಿಗೆ ಆಗುವುದಿಲ್ಲ ಅಂತ ಏ.ಸಿ. ರೂಮಿನಲ್ಲಿ ಕೂತು ತೀರ್ಮಾನ ಮಾಡುತ್ತೇವೆ. ಅಂಗವಿಕಲರಿಗಾಗಿ ಕೆಲಸ ಮಾಡುವ ಬೆಂಗಳೂರಿನ ಎ.ಪಿ.ಡಿ. ಸಂಸ್ಥೆಯನ್ನು 1959ರಲ್ಲಿ ಕಟ್ಟಿದ ಎನ್.ಎಸ್. ಹೇಮಾ ಅವರೇ ಗಾಲಿಕುರ್ಚಿಯಲ್ಲಿ ಓಡಾಡುತ್ತಿದ್ದವರು. ಬಾಲ್ಯದಲ್ಲೇ ಪೋಲಿಯೊದಿಂದ ಕೈಕಾಲು ಕಳೆದುಕೊಂಡ ಕೆ.ಎಸ್. ರಾಜಣ್ಣ ಅವರು ರಾಜ್ಯದ ಅಂಗವಿಕಲರ ಆಯುಕ್ತರಾಗಿದ್ದರು. 2024ರಲ್ಲಿ ಅವರಿಗೆ ಪದ್ಮಶ್ರೀ ಬಂದದ್ದು ಸಮಾಜಕಾರ್ಯ ವಿಭಾಗದಲ್ಲೇ. ಇವರನ್ನು ಸ್ಫೂರ್ತಿ ಅಂತ ಫೋಟೊ ಹಾಕಿ ಪೂಜೆ ಮಾಡಿ ಅಂತ ನಾನು ಹೇಳುತ್ತಿಲ್ಲ. ನಿಮ್ಮ ವಿದ್ಯಾರ್ಥಿಗೆ ಎರಡು ದಿನ ಒಬ್ಬ ವಿ.ಆರ್.ಡಬ್ಲ್ಯೂ. ಜೊತೆ ಓಡಾಡಲು ವ್ಯವಸ್ಥೆ ಮಾಡಿ ಅನ್ನುತ್ತಿದ್ದೇನೆ. ಕೆಸರಿನ ದಾರಿ ಹೇಗೆ ದಾಟುವುದು, ಯಾವ ಮನೆಯವರನ್ನು ರಸ್ತೆಗೇ ಬರಹೇಳುವುದು, ಇದನ್ನು ಅವರಷ್ಟು ಚೆನ್ನಾಗಿ ನಿಮ್ಮ ಪುಸ್ತಕಗಳು ಹೇಳಿಕೊಡುವುದಿಲ್ಲ.

ಕಿವಿ ಕೇಳದ ವಿದ್ಯಾರ್ಥಿಗಳ ವಿಷಯದಲ್ಲಿ ನಾವು ಇನ್ನೂ ಬಹಳ ಹಿಂದೆ ಇದ್ದೇವೆ. ಶ್ರವಣ ಸಾಧನ ಹಾಕಿದವರಿಗೆ ಗ್ರೂಪ್ ಕಾನ್ಫರೆನ್ಸಿನಲ್ಲಿ ವೃತ್ತವಾಗಿ ಕೂತು ಒಬ್ಬೊಬ್ಬರಾಗಿ ಮಾತಾಡಿದರೆ ಅರ್ಧ ಸಮಸ್ಯೆ ಮುಗಿಯುತ್ತದೆ. ಫೋನ್ ಫಾಲೋ-ಅಪ್ ಬದಲು ವಾಟ್ಸ್‌ಆ್ಯಪ್ ಸಂದೇಶ ಮಾಡಬಹುದು. ಸನ್ನೆ ಭಾಷೆಯಲ್ಲೇ ಮಾತಾಡುವವರಿಗೆ ಮಾತ್ರ ಇಂಟರ್‌ಪ್ರಿಟರ್ ಬೇಕು, ಅದಕ್ಕೆ ದುಡ್ಡು ಬೇಕು. ನಾನು ಹೇಳಿದ ಪಟ್ಟಿಯಲ್ಲಿ ನಿಜವಾಗಿ ಖರ್ಚಿನ ಬಾಬತ್ತು ಇದೊಂದೇ. ಅದನ್ನು ಏಜೆನ್ಸಿ ತಲೆಗೆ ಕಟ್ಟಬೇಡಿ, ವಿದ್ಯಾರ್ಥಿಯ ಅಪ್ಪನ ಜೇಬಿಗೂ ಕೈ ಹಾಕಬೇಡಿ. ಕಾಲೇಜಿನ ಬಜೆಟ್ಟಿನಲ್ಲಿ ಬರೆಯಿರಿ. ಕಾಯ್ದೆಯಲ್ಲಿ "ಅತಿಯಾದ ಹೊರೆ ಆಗದಂತೆ" ಅನ್ನುವ ಮಾತಿದೆ, ನಿಜ. ಹೊರೆ ಅಂದರೆ ಲೆಕ್ಕ ತೋರಿಸಬೇಕು. ಲೆಕ್ಕವನ್ನೇ ಮಾಡದೆ ಹೊರೆ ಅನ್ನುವುದು ಕುಂಟು ನೆಪ. ನೋಡಿ, ನುಡಿಗಟ್ಟಿನಲ್ಲೂ ನನ್ನನ್ನೇ ಎಳೆದು ತಂದಿದ್ದಾರೆ.

ಮಾನಸಿಕ ಕಾಯಿಲೆ ಇರುವ ವಿದ್ಯಾರ್ಥಿಗಳ ಬಗ್ಗೆ ಒಂದೇ ವಿಷಯ, ಯಾಕೆಂದರೆ ಇದನ್ನು ನಾವೇ ಒಮ್ಮೆ ಕೆಡಿಸಿದ್ದೇವೆ. ಸೈಕಿಯಾಟ್ರಿ ಪ್ಲೇಸ್‌ಮೆಂಟಿಗೆ ಒಬ್ಬ ಹುಡುಗನನ್ನು ಕಳಿಸಿದೆವು. ಅವನು ಚಿಕಿತ್ಸೆ ತೆಗೆದುಕೊಳ್ಳುತ್ತಿದ್ದದ್ದು ಅದೇ ಆಸ್ಪತ್ರೆಯಲ್ಲಿ. ಅವನ ಫೈಲು ಅದೇ ಬೀರುವಿನಲ್ಲಿ, ಅವನ ಡಾಕ್ಟರು ವಾರ್ಡ್ ರೌಂಡ್ಸಿನಲ್ಲಿ ಎದುರಿಗೇ. ಅವನು ಮೂರನೇ ದಿನ ಬರುವುದು ನಿಲ್ಲಿಸಿದ. ಯಾರೂ ಯಾಕೆ ಅಂತ ಕೇಳಲಿಲ್ಲ. ಊರು ಬದಲಿಸುವುದು ಬೇಕಿರಲಿಲ್ಲ, ಆಸ್ಪತ್ರೆ ಬದಲಿಸಿದ್ದರೆ ಸಾಕಿತ್ತು. ಪಟ್ಟಿ ಹಾಕುವ ಮುಂಚೆ "ನಿನಗೆ ಹೋಗಲು ಕಷ್ಟವಾಗುವ ಜಾಗ ಯಾವುದಾದರೂ ಇದೆಯಾ? ಕಾರಣ ಹೇಳಬೇಕಿಲ್ಲ" ಅಂತ ಎಲ್ಲ ವಿದ್ಯಾರ್ಥಿಗಳನ್ನೂ ಒಂದು ಸಾಲಿನಲ್ಲಿ ಕೇಳಿದ್ದರೆ ಆಗಿಹೋಗುತ್ತಿತ್ತು.

ನಾವು ಈಗ ಹಾಗೆ ಮಾಡುತ್ತೇವೆ. ವಿದ್ಯಾರ್ಥಿ, ಕಾಲೇಜಿನ ಅಧ್ಯಾಪಕರು, ನಾನು, ಮೂವರೂ ಒಂದು ಅರ್ಧ ಗಂಟೆ ಕೂರುತ್ತೇವೆ. ಈ ಸೆಮಿಸ್ಟರಿನಲ್ಲಿ ಏನು ಕಲಿಯಲೇಬೇಕು ಅನ್ನುವುದನ್ನು ಮೊದಲು ಬರೆಯುತ್ತೇವೆ. ಅದನ್ನು ಮುಟ್ಟುವಂತಿಲ್ಲ. ಹೇಗೆ ಮಾಡುವುದು ಅನ್ನುವುದು ಆಮೇಲೆ, ಅಲ್ಲಿ ಎಲ್ಲವನ್ನೂ ಮುಟ್ಟಬಹುದು. ಹದಿನೈದು ದಿನ ಬಿಟ್ಟು ಮತ್ತೆ ಕೂರುತ್ತೇವೆ, ಏಕೆಂದರೆ ಮೊದಲ ದಿನ ಯೋಚಿಸಿದ್ದರಲ್ಲಿ ಅರ್ಧ ತಪ್ಪಿರುತ್ತದೆ. ಒಂದೇ ಹಾಳೆ. ಸೀರೆ ನಿಯಮಕ್ಕೆ ನಾಲ್ಕು ಪ್ಯಾರಾ ಬರೆಯುವ ನಮಗೆ ಇದು ಕಷ್ಟವಾಗಬಾರದು.

ನನ್ನ ಮಾತು ಇಷ್ಟು. ಪ್ರಶ್ನೆ ಇದ್ದರೆ ಕೇಳಿ.

(ಎರಡು ಪ್ರಶ್ನೆ ಬಂದವು. ಎರಡನ್ನೂ ಇಲ್ಲಿ ಸೇರಿಸಿದ್ದೇನೆ.)

ಒಬ್ಬ ಅಧ್ಯಾಪಕರು ಕೇಳಿದರು: ಗ್ರಾಮೀಣ ಶಿಬಿರದಲ್ಲಿ ಶ್ರಮದಾನ ಇರುತ್ತದೆ, ಚರಂಡಿ ತೆಗೆಯುವುದು, ಗಿಡ ನೆಡುವುದು. ಅದಕ್ಕೆ ವಿನಾಯಿತಿ ಕೊಡಲೇಬೇಕಾಗುತ್ತದಲ್ಲ?

ಸರ್, ಶ್ರಮದಾನದಿಂದ ನಾವು ಏನು ಕಲಿಸುತ್ತೇವೆ, ಗುದ್ದಲಿ ಹಿಡಿಯುವುದನ್ನೋ, ಊರಿನವರನ್ನು ಸೇರಿಸುವುದನ್ನೋ? ಎರಡನೆಯದಾದರೆ ಹಿಂದಿನ ಸಂಜೆ ಕೇರಿಕೇರಿಗೆ ಹೋಗಿ ಜನರನ್ನು ಒಪ್ಪಿಸುವ ಕೆಲಸ ಅವಳಿಗೆ ಕೊಡಿ. ಪಂಚಾಯಿತಿಯಿಂದ ಗುದ್ದಲಿ ತರಿಸುವ ಕೆಲಸ ಕೊಡಿ, ಅದು ಚರಂಡಿ ತೆಗೆಯುವುದಕ್ಕಿಂತ ಕಷ್ಟ. ಹಾಗೆಯೇ ಶಿಬಿರಕ್ಕೆ ಶಾಲೆ ಆರಿಸುವಾಗ ಶೌಚಾಲಯ ನೋಡಿ ಬನ್ನಿ. ಮತ್ತೆ ಅದೇ ವಿಷಯ, ಕ್ಷಮಿಸಿ.

ಹಿಂದಿನ ಬೆಂಚಿನಿಂದ ಒಬ್ಬ ವಿದ್ಯಾರ್ಥಿನಿ ಕೇಳಿದಳು: ಮೇಡಂ, ನನಗಿರುವ ತೊಂದರೆ ಹೊರಗೆ ಕಾಣುವುದಿಲ್ಲ. ಏಜೆನ್ಸಿಯವರಿಗೆ ಹೇಳಲೇಬೇಕಾ?

ಕಾಯಿಲೆಯ ಹೆಸರು ಹೇಳಬೇಕಿಲ್ಲಮ್ಮ. ಬೇಕಾದದ್ದನ್ನು ಹೇಳು. "ಬೆಳಿಗ್ಗೆ ಮಾತ್ರೆಯಿಂದ ಮಂಪರು ಇರುತ್ತೆ, ಹನ್ನೊಂದಕ್ಕೆ ಬಂದು ಆರರ ತನಕ ಇರ್ತೀನಿ" ಅಂದರೆ ಅಷ್ಟೇ ಸಾಕು. ಕಾಲೇಜಿನಲ್ಲಿ ನೀನು ನಂಬುವ ಒಬ್ಬರಿಗೆ ಪೂರ್ತಿ ಗೊತ್ತಿರಲಿ, ಅವರು ಅದನ್ನು ಸ್ಟಾಫ್ ರೂಮಿನಲ್ಲಿ ಹಂಚುವಂತಿಲ್ಲ. ಏಜೆನ್ಸಿಯವರು ಏನು ಕಾಯಿಲೆ ಅಂತ ಕೆದಕಿದರೆ "ನಮ್ಮ ಮೇಡಂ ಹತ್ತಿರ ಮಾತಾಡಿ ಸರ್" ಅನ್ನು. ಈಗ ಹೇಳು ನೋಡೋಣ ಒಂದು ಸಲ, ಜೋರಾಗಿ.

ಹೇಳಿದಳು. ಎರಡನೇ ಸಲಕ್ಕೆ ಚೆನ್ನಾಗಿ ಬಂತು.